ಹಾಲ್‌ನ ಟಿವಿ ಅಜ್ಜಿ ರೂಮಿಗೆ: 5,000 ರೂಪಾಯಿ ಒಳಗೆ ವೈರ್‌ಲೆಸ್ ಮಾಡಿದ ಒಂದು ಮನೆಯ ಪ್ರಕರಣ

ಇದು ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಮನೇಲಿ ನಡೆದದ್ದು. ಮನೆಯವರು ಇದನ್ನ ಬರೆದು ಹಾಕು, ನಾಲ್ಕು ಜನಕ್ಕೆ ಉಪಯೋಗ ಆಗ್ಲಿ ಅಂದ್ರು, ಆದ್ರೆ ಹೆಸರು ಊರು ಹಾಕೋದು ಬೇಡ ಅಂದ್ರು, ಹಾಗಾಗಿ ಗುರುತು ಸಿಗೋ ಒಂದೆರಡು ವಿವರ ಬದಲಾಯಿಸಿದ್ದೀನಿ. ಟೆಕ್ನಿಕಲ್ ವಿಷಯ, ಖರ್ಚು, ಎಲ್ಲಿ ಎಡವಿದ್ವಿ ಅನ್ನೋದು ಮಾತ್ರ ಇದ್ದದ್ದು ಇದ್ದ ಹಾಗೆ.

ಮೊದಲು ಮನೆ ಹೇಗಿದೆ ಅಂತ ಹೇಳ್ಬೇಕು, ಯಾಕಂದ್ರೆ ಇಡೀ ಕಥೆ ನಿಂತಿರೋದೇ ಅದರ ಮೇಲೆ. ಹಿಂದಿನ ಭಾಗ ಹಳೇ ಹಂಚಿನ ಮನೆ, ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ, ಮೇಲೆ ಮರದ ಮುಚ್ಚಿಗೆ, ಮುಚ್ಚಿಗೆ ಮೇಲೆ ಅಟ್ಟ. ಮುಂದಿನ ಭಾಗ ಆಮೇಲೆ ಸೇರಿಸಿ ಕಟ್ಟಿದ ಆರ್‌ಸಿಸಿ ಹಾಲ್. ಟಿವಿ, ಡಿಟಿಎಚ್ ಬಾಕ್ಸ್, ಫೈಬರ್ ರೂಟರ್ ಎಲ್ಲ ಹಾಲಲ್ಲಿ. ಅಜ್ಜಿ ರೂಮು ಹಿಂದೆ, ನಡುಮನೆ ದಾಟಿ, ಬಚ್ಚಲಿಗೆ ಹತ್ತಿರ. ಟಿವಿಯಿಂದ ಅಜ್ಜಿ ಮಂಚಕ್ಕೆ ನೇರ ಅಳತೆ ಹಿಡಿದ್ರೆ 11 ಮೀಟರ್, ಅಷ್ಟೇ. ಆದ್ರೆ ಮಧ್ಯ ಎರಡು ಮಣ್ಣಿನ ಗೋಡೆ, ಒಂದು ಗೋಡೆಗೆ ಒರಗಿಸಿಟ್ಟ ಕಬ್ಬಿಣದ ಬೀರು.

ಆಷಾಢದ ಮಳೇಲಿ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ರು. ಸೊಂಟದ ಮೂಳೆ ಮುರಿದು, ಶಿವಮೊಗ್ಗದಲ್ಲಿ ಆಪರೇಷನ್ ಆಗಿ ಮನೆಗೆ ಬಂದ್ರು, ಮೂರು ತಿಂಗಳು ಹೆಚ್ಚು ಓಡಾಟ ಬೇಡ ಅಂತ ಡಾಕ್ಟ್ರು ಹೇಳಿದ್ರು. ಅಲ್ಲಿವರೆಗೂ ಸಂಜೆ ಏಳರಿಂದ ಒಂಬತ್ತರವರೆಗೆ ಮನೆಯವರೆಲ್ಲ ಹಾಲಲ್ಲಿ ಕೂತು ಸೀರಿಯಲ್ ನೋಡೋದು, ಅಜ್ಜಿ ಕಾಲು ಚಾಚಿ ಬತ್ತಿ ಹೊಸೀತಾ ಎಲ್ಲಾ ಪಾತ್ರಗಳಿಗೂ ಬುದ್ಧಿ ಹೇಳ್ತಾ ಕೂರೋದು. ಆಪರೇಷನ್ ಆದ್ಮೇಲೆ ಅದೇ ಹೊತ್ತಲ್ಲಿ ಅವರೊಬ್ರೇ ಒಳಗೆ ಸೂರು ನೋಡ್ತಾ ಮಲಗಿರ್ತಿದ್ರು. ನನ್ನ ಸ್ನೇಹಿತ, ಅಂದ್ರೆ ಆ ಮನೆ ಮೊಮ್ಮಗ, ಬೆಂಗಳೂರು ಕಂಪನಿ ಕೆಲಸ ಊರಿಂದಲೇ ಮಾಡ್ತಾನೆ. ಅವನು ಫೋನ್ ಮಾಡಿ, "ವೈರ್ ಇಲ್ದೆ ಒಂದು ರೂಮಿಂದ ಇನ್ನೊಂದಕ್ಕೆ ಟಿವಿ ಕಳಿಸೋ ಡಬ್ಬಿ ಬರುತ್ತಂತಲ್ಲ, ಐದು ಸಾವಿರದೊಳಗೆ ಆಗೋ ಹಾಗಿದ್ರೆ ಬಂದು ಮಾಡ್ಕೊಡು ಮಾರಾಯ" ಅಂದ. ಅವನ ಹತ್ರ ಬೆಂಗಳೂರು ರೂಮಲ್ಲಿದ್ದ 24 ಇಂಚಿನ ಹಳೇ ಎಲ್‌ಇಡಿ ಟಿವಿ ಇತ್ತು, ಹಾಗಾಗಿ ಟಿವಿ ಖರ್ಚು ಇರ್ಲಿಲ್ಲ.

ಎರಡನೇ ಡಿಟಿಎಚ್ ಬಾಕ್ಸ್ ಯಾಕೆ ಹಾಕ್ಲಿಲ್ಲ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ನಾನೂ ಮೊದಲು ಅದನ್ನೇ ಹೇಳಿದ್ದು. ಶಾಶ್ವತಕ್ಕೆ ಬೇಕು ಅಂದ್ರೆ ಈಗಲೂ ಅದನ್ನೇ ಹೇಳ್ತೀನಿ, ಒಂದೇ ಡಿಶ್‌ಗೆ ಎರಡು ಔಟ್‌ಪುಟ್ ಇರೋ ಎಲ್‌ಎನ್‌ಬಿ (ಡಿಶ್ ಮುಂದೆ ಸಿಗ್ನಲ್ ಹಿಡಿಯೋ ಡಬ್ಬಿ) ಹಾಕಿ ಇನ್ನೊಂದು ಬಾಕ್ಸ್ ಇಟ್ರೆ ಚಿತ್ರವೂ ಚೆನ್ನಾಗಿರುತ್ತೆ, ತಲೆನೋವೂ ಇರಲ್ಲ. ಆದ್ರೆ ಇಲ್ಲಿ ಬೇಕಿದ್ದದ್ದು ಮೂರು ನಾಲ್ಕು ತಿಂಗಳಿಗೆ, ಅದಕ್ಕೆ ಬಾಕ್ಸ್ ದುಡ್ಡು, ತಿಂಗಳ ಬಾಡಿಗೆ, ಡಿಶ್‌ನಿಂದ ಹಿಂದಿನ ಮನೆವರೆಗೆ ಕೇಬಲ್, ಆ ಕೇಬಲ್‌ಗೆ ಮಳೆಗಾಲದಲ್ಲಿ ಮಣ್ಣಿನ ಗೋಡೆಗೆ ತೂತು. ಸ್ನೇಹಿತನ ಅಪ್ಪ ಖಡಾಖಂಡಿತ ಹೇಳಿದ್ರು, ಮಳೆಗಾಲ ಮುಗಿಯೋವರೆಗೆ ಗೋಡೆ ಮುಟ್ಟೋ ಹಾಗಿಲ್ಲ ಅಂತ. ಅದು ಸರಿಯಾದ ಮಾತೇ, ನೆನೆದ ಮಣ್ಣಿನ ಗೋಡೆ ಕೆಣಕಿದ್ರೆ ಎಲ್ಲಿಗೆ ಹೋಗುತ್ತೋ ಗೊತ್ತಾಗಲ್ಲ.

ಮೊದಲ ಪ್ರಯತ್ನ: ಇಂಟರ್ನೆಟ್

ಸುಲಭದ ದಾರಿ ಅಂತ ಮೊದಲು ಹಿಡಿದಿದ್ದು ಇದು. ಸ್ನೇಹಿತನ ಹತ್ರ ಒಂದು ಸ್ಟ್ರೀಮಿಂಗ್ ಸ್ಟಿಕ್ ಇತ್ತು, ಅದನ್ನ 24 ಇಂಚಿನ ಟಿವಿಗೆ ಹಾಕಿ, ಅದೇ ಚಾನೆಲ್ಲನ್ನ ಆ್ಯಪ್‌ನಲ್ಲಿ ಲೈವ್ ಹಾಕಿದ್ವಿ. ಖರ್ಚು ಸೊನ್ನೆ. ವೈಫೈ ಅಜ್ಜಿ ರೂಮಲ್ಲಿ 2.4 ಗಿಗಾಹರ್ಟ್ಜ್ ಬ್ಯಾಂಡ್‌ನಲ್ಲಿ (ರೂಟರ್ ಬಳಸೋ ಎರಡು ರೇಡಿಯೋ ಪಟ್ಟಿಗಳಲ್ಲಿ ಒಂದು, ಇನ್ನೊಂದು 5) ಅಷ್ಟಿಷ್ಟು ಸಿಗ್ತಿತ್ತು, ಚಿತ್ರ ಬಂತು, ಚೆನ್ನಾಗೇ ಬಂತು, ನಾವು ಇನ್ನೇನು ಕೆಲಸ ಮುಗೀತು ಅಂತ ಕಾಫಿ ಕುಡಿಯೋಕೆ ಎದ್ವಿ.

ಎರಡು ದಿನ ಬಿಟ್ಟು ಅಜ್ಜಿ ಟಿವಿ ಆಫ್ ಮಾಡ್ಸಿಬಿಟ್ಟಿದ್ರು. ಯಾಕಜ್ಜಿ ಅಂದ್ರೆ, "ಅಲ್ಲಿ ಎಲ್ಲ ನಕ್ಕು ಮುಗಿದ್ಮೇಲೆ ನಂಗೆ ನಗೋ ಮಾತು ಕೇಳ್ತದೆ, ಹಂಗೆ ನೋಡೂಕೆ ನಂಗೆಂತ ಬೇಜಾರಲ್ವಾ" ಅಂದ್ರು. ಹಾಲಲ್ಲಿ ಒಂದು ಫೋನ್, ಇಲ್ಲೊಂದು ಫೋನ್ ಸ್ಟಾಪ್‌ವಾಚ್ ಇಟ್ಟು ಒಂದೇ ಡೈಲಾಗ್ ಹಿಡಿದು ನೋಡಿದ್ವಿ, ಅರ್ಧ ನಿಮಿಷಕ್ಕಿಂತ ಜಾಸ್ತಿ ಹಿಂದೆ ಇತ್ತು. ಇದು ಆ್ಯಪ್‌ನ ದೋಷ ಅಲ್ಲ, ಲೈವ್ ಸ್ಟ್ರೀಮಿಂಗ್ ಇರೋದೇ ಹಾಗೆ. ವಿಡಿಯೋನ ಕೆಲವು ಸೆಕೆಂಡಿನ ತುಂಡು ತುಂಡಾಗಿ ಮಾಡಿ ಸರ್ವರ್‌ಗೆ ಹಾಕ್ತಾರೆ, ನಮ್ಮ ಕಡೆ ಪ್ಲೇಯರ್ ಎರಡು ಮೂರು ತುಂಡು ಮುಂಗಡ ಕೂಡಿಟ್ಕೊಂಡು ಆಮೇಲೆ ತೋರ್ಸೋಕೆ ಶುರು ಮಾಡುತ್ತೆ, ಅಷ್ಟರಲ್ಲಿ ಡಿಟಿಎಚ್ ಮುಂದೆ ಹೋಗಿರುತ್ತೆ. ಅದರ ಮೇಲೆ ಮಳೆಗಾಲ, ಎಲ್ಲೋ ಒಂದು ಮರ ಬಿದ್ರೆ ಫೈಬರ್ ಕಟ್, ಎರಡು ದಿನ ಏನೂ ಇಲ್ಲ.

ನನ್ನ ಪ್ರಕಾರ ಈ ಪ್ರಕರಣದ ಮೊದಲ ತಿರುವು ಅಜ್ಜಿ ಹೇಳಿದ ಆ ಒಂದು ಮಾತು. ಅಲ್ಲಿವರೆಗೂ ನಾವು ಯೋಚಿಸ್ತಿದ್ದದ್ದು ಎಚ್‌ಡಿ ಬರುತ್ತಾ, ಬಫರ್ ಆಗುತ್ತಾ ಅಂತ. ಅಜ್ಜಿಗೆ ಬೇಕಿದ್ದದ್ದು ಹಾಲಲ್ಲಿರೋರ ಜೊತೆ ಅದೇ ಕ್ಷಣದಲ್ಲಿ ನೋಡೋದು. ಹಾಲಿನ ನಗು, ಅಯ್ಯೋ ಅನ್ನೋದು ಎಲ್ಲ ನಡುಮನೆ ಮೂಲಕ ಅವರಿಗೆ ಕೇಳ್ತಾನೇ ಇರುತ್ತೆ. ಹಾಗಾದ್ರೆ ಚಿತ್ರ ಸ್ವಲ್ಪ ಮಂಕಾದ್ರೂ ಪರವಾಗಿಲ್ಲ, ತಡ ಮಾತ್ರ ಆಗ್ಬಾರದು. ಈ ಒಂದು ವಿಷಯ ಇತ್ಯರ್ಥ ಆದ ಮೇಲೆ ಅರ್ಧಕ್ಕರ್ಧ ಆಯ್ಕೆಗಳು ತಾವಾಗೇ ಬಿದ್ದುಹೋದ್ವು.

ವೈರ್‌ಲೆಸ್ ಎಚ್‌ಡಿಎಂಐ ಸೆಟ್, ಅಂದ್ರೆ ಬಾಕ್ಸ್‌ನಿಂದ ಟಿವಿಗೆ ಹೋಗೋ ಎಚ್‌ಡಿ ಕೇಬಲ್‌ನ ಕೆಲಸವನ್ನ ವೈರ್ ಇಲ್ದೆ ಮಾಡೋದು, ನೋಡಿದ್ವಿ, ಗೋಡೆ ದಾಟುತ್ತೆ ಅಂತ ಹೇಳೋವೆಲ್ಲ ನಮ್ಮ ಬಜೆಟ್‌ನ ಎರಡು ಮೂರು ಪಟ್ಟು. 1080ಪಿ ಚಿತ್ರ ಸೆಕೆಂಡಿಗೆ 60 ಫ್ರೇಮ್‌ನಲ್ಲಿ ಕಂಪ್ರೆಸ್ ಮಾಡದೆ (ಕುಗ್ಗಿಸದೆ) ಕಳಿಸೋಕೆ ಸೆಕೆಂಡಿಗೆ ಸುಮಾರು 3 ಗಿಗಾಬಿಟ್ ಡೇಟಾ ಬೇಕು, ಅಷ್ಟನ್ನ ಮಣ್ಣಿನ ಗೋಡೆ ಆಚೆ ದಾಟಿಸೋದು ಅಗ್ಗದ ಡಬ್ಬಿಯಿಂದ ಆಗೋ ಕೆಲಸ ಅಲ್ಲ, ಕಂಪ್ರೆಸ್ ಮಾಡಿ ಕಳಿಸಿದ್ರೆ ಮತ್ತೆ ಸ್ವಲ್ಪ ತಡ. ಎಚ್‌ಡಿಎಂಐನ ಲ್ಯಾನ್ ಕೇಬಲ್‌ನಲ್ಲಿ ಕಳಿಸೋ ಡಬ್ಬಿ ಅಗ್ಗಕ್ಕೆ ಸಿಗುತ್ತೆ, ಕೇಬಲ್ ಎಳೆಯೋ ಹಾಗಿಲ್ಲ ಅಂದ್ಮೇಲೆ ಅದೂ ಇಲ್ಲ. ಕೇಬಲ್ ಎಳೆಯೋಕೆ ಆಗೋರಿಗೆ ಒಂದು ಮಾತು: ಆ ಡಬ್ಬಿಗಳಲ್ಲಿ ಕೆಲವು ಮಲ್ಟಿಕಾಸ್ಟ್ ಮಾಡ್ತವೆ, ಅಂದ್ರೆ ನೆಟ್‌ವರ್ಕಲ್ಲಿರೋ ಎಲ್ಲರ ಕಡೆಗೂ ಕಳಿಸ್ತವೆ, ಅಂಥದ್ದನ್ನ ಮನೆ ರೂಟರ್‌ಗೆ ಚುಚ್ಚಿದ್ರೆ ಇಡೀ ವೈಫೈ ಮೇಲೆ ಆ ವಿಡಿಯೋ ಸುರಿದು ಎಲ್ಲರ ನೆಟ್ ಒದ್ದಾಡುತ್ತೆ. ಕೊಡೋ ಡಬ್ಬಿಯಿಂದ ತಗೊಳೋ ಡಬ್ಬಿಗೆ ನೇರ ಕೇಬಲ್ ಹಾಕಿ, ರೂಟರ್ ಮಧ್ಯೆ ತರ್ಬೇಡಿ.

ಎರಡನೇ ಪ್ರಯತ್ನ: 2.4 ಗಿಗಾಹರ್ಟ್ಜ್ ಎವಿ ಸೆಂಡರ್

ಡಿಟಿಎಚ್ ಬಾಕ್ಸ್ ಹಿಂದೆ ಹಳದಿ, ಕೆಂಪು, ಬಿಳಿ ಮೂರು ಪಿನ್ನಿನ ಎವಿ ಔಟ್ ಇರುತ್ತಲ್ಲ, ಅದನ್ನ ಈಗ ಯಾರೂ ಮುಟ್ಟಲ್ಲ, ಎಲ್ಲಾ ಎಚ್‌ಡಿಎಂಐ. ಈ ಮನೆ ಬಾಕ್ಸ್‌ನಲ್ಲಿ ಎಚ್‌ಡಿಎಂಐ ಓಡ್ತಿರುವಾಗಲೇ ಎವಿ ಔಟ್ ಕೂಡ ಕೆಲಸ ಮಾಡುತ್ತಾ ಅಂತ ಮೊದಲು ನೋಡ್ಕೊಂಡ್ವಿ, ಮಾಡ್ತಿತ್ತು. ಎಲ್ಲಾ ಬಾಕ್ಸ್‌ನಲ್ಲೂ ಹಾಗಿರಲ್ಲ, ದುಡ್ಡು ಹಾಕೋ ಮುಂಚೆ ಒಂದು ಎವಿ ಕೇಬಲ್ ಚುಚ್ಚಿ ನೋಡ್ಬೇಕು. ಎವಿ ಸೆಂಡರ್ ಅನ್ನೋದು ಈ ಅನಲಾಗ್ ಸಿಗ್ನಲ್‌ನ ಹಾಗೇ ರೇಡಿಯೋ ಅಲೆ ಮೇಲೆ ಕೂರಿಸಿ ಕಳಿಸುತ್ತೆ, ಕಂಪ್ರೆಸ್ ಇಲ್ಲ, ಕೂಡಿಡೋದಿಲ್ಲ, ಹಾಗಾಗಿ ತಡ ಅನ್ನೋದು ಕಣ್ಣಿಗೆ ಕಾಣೋ ಹಾಗೆ ಇಲ್ಲವೇ ಇಲ್ಲ. ಚಿತ್ರ ಮಾತ್ರ ಹಳೇ ಪಾಲ್ (ಡಬ್ಬಿ ಟಿವಿ ಕಾಲದ ಪದ್ಧತಿ) ಗುಣಮಟ್ಟ, 576 ಗೆರೆ. 24 ಇಂಚಿನ ಟಿವಿನ ಆರು ಅಡಿ ದೂರದಿಂದ ನೋಡೋ ಅಜ್ಜಿಗೆ ಅದು ಧಾರಾಳ ಸಾಕು.

2,100 ರೂಪಾಯಿಗೆ 2.4 ಗಿಗಾಹರ್ಟ್ಜ್ ಸೆಟ್ ತರಿಸಿದ್ವಿ. ಚಿತ್ರ ಬಂತು, ಗೋಡೆ ದಾಟಿ ಬಂತು, ಹಾಲ್‌ನ ಟಿವಿ ಜೊತೆ ಒಂದೇ ಸಮ. ಅಜ್ಜಿ ಮುಖ ಅರಳಿತು. ಆದ್ರೆ ಅವತ್ತು ಸಂಜೆ 7 ಗಂಟೆ 10 ನಿಮಿಷಕ್ಕೆ ನಡುಮನೆಯಿಂದ ಸ್ನೇಹಿತ ಎದ್ದು ಬಂದ, ಮೀಟಿಂಗ್ ಮಧ್ಯೆ ನೆಟ್ ಹೋಯ್ತು ಅಂತ. ಸೆಂಡರ್ ಆಫ್ ಮಾಡಿದ್ರೆ ನೆಟ್ ಬರುತ್ತೆ, ಆನ್ ಮಾಡಿದ್ರೆ ಹೋಗುತ್ತೆ. ಅವನು ಏನಾದ್ರೂ ದೊಡ್ಡ ಫೈಲ್ ಡೌನ್‌ಲೋಡ್ ಮಾಡಿದ್ರೆ ಅಜ್ಜಿ ಟಿವಿ ಮೇಲೆ ಅಡ್ಡ ಗೆರೆ ಓಡ್ತವೆ.

ಕಾರಣ ಇದು. ಈ ಸೆಂಡರ್‌ಗಳಿಗೆ ನಾಲ್ಕು ಚಾನೆಲ್: 2414, 2432, 2450, 2468 ಮೆಗಾಹರ್ಟ್ಜ್. ಒಂದೊಂದೂ ಸುಮಾರು 18 ಮೆಗಾಹರ್ಟ್ಜ್ ಅಗಲ. ವೈಫೈನ 1, 6, 11ನೇ ಚಾನೆಲ್‌ಗಳ ನಡುಗೆರೆ 2412, 2437, 2462, ಒಂದೊಂದೂ 20 ಮೆಗಾಹರ್ಟ್ಜ್ ಅಗಲ. ಅಂದ್ರೆ ಇಬ್ಬರೂ ಒಂದೇ ಗದ್ದೇಲಿ ನಿಂತಿದ್ದಾರೆ. ಅದಕ್ಕಿಂತ ಮುಖ್ಯ, ವೈಫೈ ಮಾತಾಡೋ ಮುಂಚೆ ಬೇರೆ ಯಾರಾದ್ರೂ ಮಾತಾಡ್ತಿದ್ದಾರಾ ಅಂತ ಕಿವಿಗೊಟ್ಟು ಕೇಳುತ್ತೆ, ಖಾಲಿ ಇದ್ರೆ ಮಾತ್ರ ಬಾಯಿ ಬಿಡುತ್ತೆ. ಎವಿ ಸೆಂಡರ್ ಯಾರನ್ನೂ ಕೇಳಲ್ಲ, ಉಸಿರು ಬಿಡದೆ ಒಂದೇ ಸಮ ಮಾತಾಡ್ತಾನೇ ಇರುತ್ತೆ. ಪಾಪ ವೈಫೈ ಕಾದು ಕಾದು ಸುಮ್ಮನಾಗುತ್ತೆ. ಸೆಂಡರ್‌ನ 2414ಕ್ಕೆ, ವೈಫೈನ 11ಕ್ಕೆ ಹಾಕಿ ಆದಷ್ಟು ದೂರ ಇಟ್ಟು ನೋಡಿದ್ವಿ, ಸ್ವಲ್ಪ ಸುಧಾರಿಸ್ತು, ಆದ್ರೆ ಎರಡೂ ಡಬ್ಬಿ ಒಂದೇ ಟಿವಿ ಸ್ಟ್ಯಾಂಡ್ ಮೇಲೆ ಇದ್ರೆ ಎಷ್ಟು ಸುಧಾರಿಸೀತು. ಮನೆಗೆ ಅನ್ನ ಹಾಕೋ ಕೆಲಸದ ನೆಟ್ ಕೆಡಿಸಿ ಟಿವಿ ತೋರ್ಸೋ ಹಾಗಿಲ್ಲ. ವಾಪಸ್ ಮಾಡಿದ್ವಿ, ಅಂಗಡಿಯವರು ತಗೊಂಡ್ರು, ಕೊರಿಯರ್ 180 ರೂಪಾಯಿ ನಮ್ಮದು.

ಕೊಳ್ಳೋ ಮುಂಚೆ ಅಳತೆ

ಈಗ ಉಳಿದಿದ್ದು 5.8 ಗಿಗಾಹರ್ಟ್ಜ್ ಸೆಂಡರ್. ಅದು 2.4ರ ವೈಫೈಗೆ ತೊಂದ್ರೆ ಕೊಡಲ್ಲ, ಆದ್ರೆ ಅಲೆ ಚಿಕ್ಕದಾದಷ್ಟೂ ಗೋಡೆ ದಾಟೋ ಶಕ್ತಿ ಕಮ್ಮಿ. ಇನ್ನೊಂದು ಸಲ ತರಿಸಿ ವಾಪಸ್ ಕಳಿಸೋಕೆ ನಂಗೆ ಮನಸ್ಸಿರ್ಲಿಲ್ಲ. ಆಗ ಹೊಳೆದದ್ದು, ಮನೆ ರೂಟರ್‌ನಲ್ಲೇ 5 ಗಿಗಾಹರ್ಟ್ಜ್ ಬ್ಯಾಂಡ್ ಇದೆಯಲ್ಲ, ಗೋಡೆ ವಿಷಯದಲ್ಲಿ ಎರಡೂ ಹೆಚ್ಚು ಕಮ್ಮಿ ಒಂದೇ ಥರ ನಡ್ಕೊಳ್ತವೆ, ಹಾಗಾದ್ರೆ ಅದನ್ನೇ ಇಟ್ಕೊಂಡು ಅಳೆಯೋಣ ಅಂತ. ಫೋನಿಗೆ ವೈಫೈ ಅನಲೈಸರ್ ಆ್ಯಪ್ ಹಾಕಿದ್ವಿ. ಹಾಲಲ್ಲಿ ಟಿವಿ ಎದುರು ಮೈನಸ್ 47 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೇದು). ಅಜ್ಜಿ ರೂಮಲ್ಲಿ ಮೈನಸ್ 83. ಈ ಲೆಕ್ಕದಲ್ಲಿ ಪ್ರತಿ 10ಕ್ಕೆ ಹತ್ತು ಪಟ್ಟು ಇಳಿಯುತ್ತೆ, 36ರ ಅಂತರ ಅಂದ್ರೆ ಸುಮಾರು ನಾಲ್ಕು ಸಾವಿರ ಪಟ್ಟು ಕಮ್ಮಿ. ಅಲ್ಲಿಗೆ ಸೆಂಡರ್ ಟಿವಿ ಸ್ಟ್ಯಾಂಡ್ ಮೇಲಿಟ್ರೆ ಬರೀ ಚುಕ್ಕಿ ಚುಕ್ಕಿ ಬರೋದು ಗ್ಯಾರಂಟಿ.

ಬೇಡ ಬಿಡು ಅನ್ನೋ ಹೊತ್ತಿಗೆ ಸ್ನೇಹಿತನ ಅಮ್ಮ ಅಟ್ಟದಿಂದ ಏನೋ ಇಳಿಸ್ತಾ ಇದ್ರು. ಆಗ ನಾನು ಮೊದಲ ಸಲ ಮೇಲೆ ನೋಡಿದೆ. ಹಳೇ ಮನೆ ಗೋಡೆಗಳು ಮುಚ್ಚಿಗೆವರೆಗೆ ಮಾತ್ರ ಇವೆ, ಅದರ ಮೇಲೆ ಅಟ್ಟ ಇಡೀ ಮನೆ ಉದ್ದಕ್ಕೂ ಖಾಲಿ, ಮಧ್ಯೆ ಒಂದು ಗೋಡೆಯೂ ಇಲ್ಲ. ಹಾಲಿನ ಹಿಂದಿನ ಗೋಡೇಲಿ ಸಜ್ಜದ ಮೇಲೆ ಒಂದು ಗವಾಕ್ಷಿ, ಅದು ನೇರ ಆ ಅಟ್ಟಕ್ಕೆ ತೆರೆದುಕೊಳ್ಳುತ್ತೆ. ಅಂದ್ರೆ ಗೋಡೆ ತೂರಿ ಹೋಗೋ ಬದಲು ಗೋಡೆ ಮೇಲಿಂದ ಹೋಗ್ಬಹುದು, ಅಜ್ಜಿ ರೂಮಿಗೆ ಇಳಿಯೋವಾಗ ಅಡ್ಡ ಇರೋದು ಒಂದು ಇಂಚಿನ ಒಣ ಹಲಗೆ ಅಷ್ಟೇ. ಒಣ ಮರ ರೇಡಿಯೋಗೆ ದೊಡ್ಡ ಅಡ್ಡಿ ಅಲ್ಲ.

ರೂಟರ್‌ನ ಬಿಚ್ಚಿ, ಒಂದು ಎಕ್ಸ್‌ಟೆನ್ಷನ್ ಬಾಕ್ಸ್‌ನಲ್ಲಿ ಕರೆಂಟ್ ಕೊಟ್ಟು, ಸಜ್ಜದ ಮೇಲೆ ಗವಾಕ್ಷಿ ಬಾಯಲ್ಲಿಟ್ವಿ. ಸಿಗ್ನಲ್ ಅಳೆಯೋಕೆ ಇಂಟರ್ನೆಟ್ ಬೇಕಾಗಿಲ್ಲ, ರೂಟರ್ ಆನ್ ಇದ್ರೆ ಸಾಕು. ಅಜ್ಜಿ ರೂಮಲ್ಲಿ ಗೂಡಿನ ಮೇಲೆ ಫೋನ್ ಹಿಡಿದ್ರೆ ಮೈನಸ್ 74. ಚೂರು ಏರ್ತು, ಆದ್ರೂ ಸಾಲದು. ಟಾರ್ಚ್ ತಗೊಂಡು ಅಟ್ಟ ಹತ್ತಿದ್ವಿ. ಗವಾಕ್ಷಿಗೂ ಅಜ್ಜಿ ರೂಮಿಗೂ ನೇರ ಗೆರೇಲಿ ಅಡಿಕೆ ಬೇಯಿಸೋ ದೊಡ್ಡ ತಾಮ್ರದ ಹಂಡೆ ಬೋರಲು ಹಾಕಿದೆ, ಅದರ ಪಕ್ಕ ಐದಾರು ತಗಡಿನ ಶೀಟು ನಿಲ್ಲಿಸಿದಾರೆ. ಗೋಣಿಚೀಲದ ರಾಶಿ ಇತ್ತು, ಅದರಿಂದ ಏನೂ ಆಗಲ್ಲ, ಲೋಹದ್ದೇ ಕಾಟ. ಹಂಡೆನೂ ಶೀಟನ್ನೂ ಇನ್ನೊಂದು ಮೂಲೆಗೆ ದೂಡಿ ಕೆಳಗಿಳಿದು ನೋಡಿದ್ರೆ ಮೈನಸ್ 61. ಮೊದಲಿಗಿಂತ 22 ಡಿಬಿ ಮೇಲೆ, ಸುಮಾರು ನೂರೈವತ್ತು ಪಟ್ಟು. ಅದೂ ಒಂದು ರೂಪಾಯಿ ಖರ್ಚಿಲ್ದೆ, ಹಂಡೆ ಸರಿಸಿದ್ದಕ್ಕೆ. ನನಗೆ ಈ ಕೆಲಸದಲ್ಲಿ ಅತಿ ಖುಷಿ ಕೊಟ್ಟ ಗಳಿಗೆ ಇದೇ.

ಅದಾದ ಮೇಲೆ ಧೈರ್ಯವಾಗಿ 3,300 ರೂಪಾಯಿ ಕೊಟ್ಟು 5.8 ಸೆಟ್ ತರಿಸಿದ್ವಿ, 220ಕ್ಕೆ ಐದು ಮೀಟರ್ ಎವಿ ಕೇಬಲ್. ಕೇಬಲ್ ಟಿವಿ ಹಿಂದಿನಿಂದ ಸಜ್ಜಕ್ಕೆ, ಸೆಂಡರ್ ಗವಾಕ್ಷಿ ಬಾಯಲ್ಲಿ, ಅದರ ಚಪ್ಪಟೆ ಆಂಟೆನಾ ಅಜ್ಜಿ ರೂಮಿನ ಕಡೆ ಮುಖ. ರಿಸೀವರ್ ಅಜ್ಜಿ ರೂಮಿನ ಗೂಡಿನ ಮೇಲೆ, ಆಂಟೆನಾ ಮುಚ್ಚಿಗೆ ಕಡೆ ಓರೆ. ರೂಟರ್‌ನ ಸೆಟ್ಟಿಂಗ್‌ನಲ್ಲಿ 5 ಗಿಗಾಹರ್ಟ್ಜ್ ಚಾನೆಲ್ ಆಟೋದಲ್ಲಿತ್ತು, ಅದು ಹೋಗಿ 149ರಲ್ಲಿ ಕೂತಿತ್ತು. 149 ಅಂದ್ರೆ 5745 ಮೆಗಾಹರ್ಟ್ಜ್, ಸೆಂಡರ್ ಓಡೋದು 5725ರಿಂದ 5875ರ ಒಳಗೆ, ಮತ್ತೆ ಅದೇ ಜಗಳ ಆಗ್ತಿತ್ತು. 36ಕ್ಕೆ ಬದಲಾಯಿಸಿ ಗಟ್ಟಿ ಮಾಡಿದ್ವಿ, ಅದು 5180, ಸಾಕಷ್ಟು ದೂರ. ಡಿಟಿಎಚ್ ಬಾಕ್ಸ್ ಎವಿ ಔಟ್‌ಗೆ 4:3 ಅಂತ ಸೆಟ್ ಆಗಿದ್ರಿಂದ ಎಲ್ಲರ ಮುಖ ಅಗಲ ಅಗಲ ಬರ್ತಿತ್ತು, 16:9 ಮಾಡಿದ್ಮೇಲೆ ಸರಿಹೋಯ್ತು.

ಸಂಜೆ ಏಳಕ್ಕೆ ಹಾಲಲ್ಲಿ ಟಿವಿ ಹಾಕಿದ್ರು. ಅಜ್ಜಿ ರೂಮಲ್ಲೂ ಅದೇ. ಹಾಲಲ್ಲಿ ಎಲ್ಲ ಗೊಳ್ಳಂತ ನಕ್ಕಾಗ ಒಳಗಿಂದ ಅಜ್ಜಿ ನಗೋದು ಜೊತೆಗೇ ಕೇಳಿಸ್ತು. ಸ್ನೇಹಿತನ ಅಮ್ಮ ಅಲ್ಲಿಂದಲೇ "ನೋಡಿದ್ರಾ ಅತ್ತೇ" ಅಂತ ಕೂಗಿದ್ರು, "ನೋಡ್ದೆ, ನಾ ನಿನ್ನೆನೇ ಹೇಳಿರ್ಲಿಲ್ವಾ" ಅಂತ ಒಳಗಿಂದ ಉತ್ತರ.

ಆಮೇಲೆ ಬಂದ ತೊಂದ್ರೆಗಳು

ಎರಡನೇ ದಿನವೇ ಹಾಲಿನ ರಿಮೋಟ್ ಕೆಲಸ ಮಾಡೋದು ನಿಲ್ಸ್ತು. ಬಾಕ್ಸ್ ತನ್ನಷ್ಟಕ್ಕೆ ಕೆಲವೊಮ್ಮೆ ಗರ ಬಡಿದ ಹಾಗೆ ನಿಲ್ತಿತ್ತು. ಸೆಟ್ ಜೊತೆ ರಿಮೋಟ್ ಎಕ್ಸ್‌ಟೆಂಡರ್ ಬಂದಿರುತ್ತೆ, ಆ ರೂಮಲ್ಲಿ ರಿಮೋಟ್ ಒತ್ತಿದ್ರೆ ರಿಸೀವರ್‌ನ ಕಣ್ಣು ಅದನ್ನ ಹಿಡಿದು ಹಾಲಿನ ಬಾಕ್ಸ್‌ಗೆ ತಲುಪ್ಸುತ್ತೆ. ಅಜ್ಜಿ ರೂಮಲ್ಲಿ ಗೂಡಿನ ಪಕ್ಕವೇ ಒಂದು ಹಳೇ ಸಿಎಫ್‌ಎಲ್ ಬಲ್ಬ್. ರಿಮೋಟ್‌ಗಳು ಸಾಮಾನ್ಯವಾಗಿ 38 ಕಿಲೋಹರ್ಟ್ಜ್ ಆಸುಪಾಸಲ್ಲಿ ಮಿಣುಕ್ತವೆ, ಸಿಎಫ್‌ಎಲ್ ಒಳಗಿನ ಸರ್ಕ್ಯೂಟ್ ಕೂಡ ಹತ್ತಿರ ಹತ್ತಿರ ಅದೇ ವೇಗದಲ್ಲಿ ಓಡುತ್ತೆ, ಆ ಕಣ್ಣು ಬಲ್ಬನ್ನೇ ರಿಮೋಟ್ ಅಂತ ತಿಳ್ಕೊಂಡು ಏನೇನೋ ಕಳಿಸ್ತಿತ್ತು. ಅಜ್ಜಿ ಚಾನೆಲ್ ಬದಲಾಯಿಸೋ ಪ್ರಶ್ನೆಯೇ ಇರ್ಲಿಲ್ಲ, ಹಾಗಾಗಿ ರಿಸೀವರ್‌ನ ಕಣ್ಣಿಗೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿದ್ವಿ, ಮುಗೀತು.

ಸೌಂಡ್ ವಿಷಯ ಇದಕ್ಕಿಂತ ಕಷ್ಟ ಆಯ್ತು. ಅಜ್ಜಿಗೆ ಕಿವಿ ಸ್ವಲ್ಪ ಮಂದ, ವಾಲ್ಯೂಮ್ ಜಾಸ್ತಿ ಇಟ್ರೆ ನಡುಮನೇಲಿ ಕೂತು ಕೆಲಸ ಮಾಡೋನಿಗೆ ಆಗಲ್ಲ. ಮನೇಲಿದ್ದ ಬ್ಲೂಟೂತ್ ಸ್ಪೀಕರ್‌ನ ತಲೆ ಹತ್ರ ಇಡೋಣ ಅಂತ 550 ಕೊಟ್ಟು ಟಿವಿಗೆ ಚುಚ್ಚೋ ಬ್ಲೂಟೂತ್ ಟ್ರಾನ್ಸ್‌ಮಿಟರ್ ತಂದ್ವಿ. "ಬಾಯಿ ಮುಚ್ಚಿದ್ಮೇಲೆ ಮಾತು ಬರ್ತದಲ ತಮ್ಮಾ, ತಲೆ ತಿರುಗ್ತದೆ" ಅಂದ್ರು ಅಜ್ಜಿ. ಸಾಮಾನ್ಯ ಬ್ಲೂಟೂತ್‌ನಲ್ಲಿ ಎಸ್‌ಬಿಸಿ ಅನ್ನೋ ಕೋಡೆಕ್ (ಸೌಂಡ್‌ನ ಕುಗ್ಗಿಸಿ ಕಳಿಸಿ ಮತ್ತೆ ಬಿಚ್ಚೋ ವಿಧಾನ) ಓಡುತ್ತೆ, ಅದರಲ್ಲಿ 150ರಿಂದ 250 ಮಿಲಿಸೆಕೆಂಡ್ ತಡ ಮಾಮೂಲು. ಟಿವಿ ಪ್ರಸಾರದ ಬಗ್ಗೆ ಐಟಿಯು (ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಇಟ್ಟಿರೋ ಲೆಕ್ಕದಲ್ಲಿ ಮಾತು ಚಿತ್ರಕ್ಕಿಂತ 125 ಮಿಲಿಸೆಕೆಂಡ್ ಹಿಂದೆ ಬಿದ್ರೆ ಜನಕ್ಕೆ ಗೊತ್ತಾಗೋಕೆ ಶುರುವಾಗುತ್ತೆ, ಮುಂದೆ ಬಂದ್ರೆ 45ಕ್ಕೇ ಗೊತ್ತಾಗುತ್ತೆ. ಫೋನಲ್ಲಿ ಸಿನಿಮಾ ನೋಡುವಾಗ ಇದು ಗೊತ್ತಾಗದೆ ಇರೋದು ಯಾಕಂದ್ರೆ ಪ್ಲೇಯರ್ ಚಿತ್ರವನ್ನೇ ಅಷ್ಟು ಹೊತ್ತು ತಡೆದು ಹೊಂದಿಸಿಕೊಳ್ಳುತ್ತೆ. ಇಲ್ಲಿ ಚಿತ್ರ ಅನಲಾಗ್‌ನಲ್ಲಿ ಬಂದು ಟಿವಿ ಮೇಲೆ ಆಗಲೇ ಕೂತಿದೆ, ಅದನ್ನ ತಡೆಯೋರು ಯಾರೂ ಇಲ್ಲ. ಕಡಿಮೆ ತಡದ ಆಪ್ಟ್‌ಎಕ್ಸ್ ಎಲ್‌ಎಲ್ ಕೋಡೆಕ್ ಇದೆ, ಅದು 40ರ ಆಸುಪಾಸು, ಆದ್ರೆ ಕಳಿಸೋದರಲ್ಲೂ ತಗೊಳೋದರಲ್ಲೂ ಎರಡರಲ್ಲೂ ಇರ್ಬೇಕು, ಹೊಸ ಸ್ಪೀಕರ್ ಬೇಕಾಗ್ತಿತ್ತು. ಸಣ್ಣ ಎಫ್‌ಎಂ ಟ್ರಾನ್ಸ್‌ಮಿಟರ್ ಹಾಕಿ ರೇಡಿಯೋದಲ್ಲಿ ಕೇಳಿಸೋಣ ಅಂತ ಒಬ್ರು ಹೇಳಿದ್ರು, ತಡ ಇರಲ್ಲ ನಿಜ, ಆದ್ರೆ ಅದು ಆಕಾಶವಾಣಿ ಮತ್ತೆ ಲೈಸೆನ್ಸ್ ತಗೊಂಡ ಸ್ಟೇಷನ್‌ಗಳ ಬ್ಯಾಂಡ್, ನಾನು ಕೈ ಹಾಕ್ಲಿಲ್ಲ.

ಕೊನೆಗೆ ಆದದ್ದು ತೀರಾ ಸರಳ. 400 ರೂಪಾಯಿಯ ದಿಂಬಿನ ಸ್ಪೀಕರ್, ಅಂದ್ರೆ ದಿಂಬಿನ ಕೆಳಗಿಡೋ ಚಪ್ಪಟೆ ಸ್ಪೀಕರ್, ಎರಡು ಮೀಟರ್ ವೈರ್, ಟಿವಿಯ ಹೆಡ್‌ಫೋನ್ ತೂತಿಗೆ ಚುಚ್ಚಿದ್ದು. ಟಿವಿ ಇರೋದೇ ಮಂಚದ ಎದುರು, ಅಲ್ಲಿ ವೈರ್‌ಲೆಸ್ ಬೇಕೇ ಇರ್ಲಿಲ್ಲ. ಗೋಡೆ ದಾಟೋ ಕಡೆ ಮಾತ್ರ ವೈರ್‌ಲೆಸ್, ಕೈಗೆ ಸಿಗೋ ದೂರಕ್ಕೆ ವೈರ್ ಅಂತ ನಾನು ಆಮೇಲಿಂದ ಎಲ್ಲರಿಗೂ ಹೇಳ್ತಿದ್ದೀನಿ.

ಹದಿನೈದು ದಿನ ಚೆನ್ನಾಗಿ ನಡೀತು, ಒಂದು ಜೋರು ಮಳೆ ದಿನ ಚಿತ್ರದಲ್ಲಿ ಚುಕ್ಕಿ ಸುರಿಯೋಕೆ ಶುರು. ಮಳೆಗೆ ಸಿಗ್ನಲ್ ಹೋಗ್ತಿದೆ ಅಂತ ಎಲ್ಲರೂ ಅಂದ್ರು, ನಾನೂ ಫೋನಲ್ಲಿ ಅದನ್ನೇ ನಂಬಿದ್ದೆ. ಹೋಗಿ ನೋಡಿದ್ರೆ ಹಂಚು ಸೋರ್ತಿದೆ ಅಂತ ಸ್ನೇಹಿತನ ಅಪ್ಪ ಅಟ್ಟದ ಮೇಲೆ ಒಂದು ತಗಡಿನ ಶೀಟು ಅಡ್ಡ ಹಾಕಿ ನೀರು ಪಕ್ಕಕ್ಕೆ ಹೋಗೋ ಹಾಗೆ ಮಾಡಿದ್ರು, ಸರಿಯಾಗಿ ಸೆಂಡರ್ ಗೆರೇಲೇ. ಶೀಟು ತೆಗೆದು ಪ್ಲಾಸ್ಟಿಕ್ ಟಬ್ ಇಟ್ವಿ, ಚಿತ್ರ ವಾಪಸ್ ಬಂತು. ಸೆಂಡರ್ ಹಾಕಿದ ದಿನವೇ ಮನೆಯವರಿಗೆಲ್ಲ ತೋರಿಸಿ, ಈ ಗೆರೇಲಿ ಲೋಹದ್ದು ಏನೂ ಇಡ್ಬೇಡಿ ಅಂತ ಹೇಳ್ಬೇಕಿತ್ತು, ಅದು ನನ್ನಿಂದ ಆದ ತಪ್ಪು.

ಕರೆಂಟ್ ಹೋದಾಗ ಹಾಲಿನ ಟಿವಿ ಯುಪಿಎಸ್ ಮೇಲೆ ಓಡುತ್ತೆ, ಅಜ್ಜಿ ರೂಮಿನ ಪ್ಲಗ್ ಯುಪಿಎಸ್‌ನಲ್ಲಿ ಇರ್ಲಿಲ್ಲ, ಊರಿನ ಎಲೆಕ್ಟ್ರಿಷಿಯನ್ ಲೈನ್ ಬದಲಾಯಿಸಿಕೊಟ್ರು. 24 ಇಂಚಿನ ಎಲ್‌ಇಡಿ ಎಳೆಯೋದು 30 ವ್ಯಾಟ್ ಆಸುಪಾಸು, ಬ್ಯಾಟರಿಗೆ ದೊಡ್ಡ ಭಾರ ಅಲ್ಲ.

ದೇವರ ಕೋಣೆ

ಇದು ಮೊದಲು ಲೆಕ್ಕದಲ್ಲೇ ಇರ್ಲಿಲ್ಲ. ಟಿವಿ ಸರಿಯಾದ ಮೇಲೆ ಅಜ್ಜಿ ಮೆಲ್ಲಗೆ ಕೇಳಿದ್ರು, ಬೆಳಿಗ್ಗೆ ಪೂಜೆ ನೋಡೂಕೆ ಆಗ್ತದಾ ಅಂತ. ಮದುವೆಯಾಗಿ ಬಂದಾಗಿನಿಂದ ದೇವರ ಮುಂದೆ ದೀಪ ಹಚ್ಚದೆ ಇದ್ದ ದಿನ ಇಲ್ಲ ಅವರಿಗೆ.

ಒಂದು ಹಳೇ ಆಂಡ್ರಾಯ್ಡ್ ಫೋನಿಗೆ, ಅದನ್ನೇ ವೈಫೈ ಕ್ಯಾಮೆರಾ ಮಾಡೋ ಐಪಿ ಕ್ಯಾಮೆರಾ ಆ್ಯಪ್ ಹಾಕಿ ದೇವರ ಕೋಣೆ ಬಾಗಿಲ ಪಕ್ಕ ಮೊಳೆಗೆ ಸಿಕ್ಕಿಸಿದ್ವಿ, ಅಜ್ಜಿ ಹತ್ರ ಮಕ್ಕಳ ಹಳೇ ಟ್ಯಾಬ್, ಅದರಲ್ಲಿ ವಿಡಿಯೋ ತೋರ್ಸೋಕೆ ವಿಎಲ್‌ಸಿ ಆ್ಯಪ್. ಮನೆ ವೈಫೈ ಒಳಗೇ ಓಡೋದು, ಫೈಬರ್ ಕಟ್ ಆದ್ರೂ ನಡೆಯುತ್ತೆ. ವೈಫೈ ಅಲ್ಲಿ ದುರ್ಬಲ, ಅದಕ್ಕೆ 640 ಬೈ 480, ಸೆಕೆಂಡಿಗೆ 15 ಫ್ರೇಮ್ ಅಷ್ಟಕ್ಕೆ ಇಳಿಸಿದ್ವಿ. ಪಾಸ್‌ವರ್ಡ್ ಹಾಕಿದ್ವಿ, ರೂಟರ್‌ನಲ್ಲಿ ಹೊರಗಿಂದ ಬರೋಕೆ ಯಾವ ಪೋರ್ಟೂ ತೆಗೀಲಿಲ್ಲ, ಮನೆ ಒಳಗಿನ ಕ್ಯಾಮೆರಾ ಅಂದ್ರೆ ಇದನ್ನ ಯಾರೂ ಸದರ ಮಾಡ್ಬಾರದು. ಹಳೇ ಫೋನ್ ಹಗಲೂ ರಾತ್ರಿ ಚಾರ್ಜರ್‌ಗೆ ಸಿಕ್ಕಿಸಿಟ್ರೆ ಬ್ಯಾಟರಿ ಉಬ್ಬಬಹುದು, ಹಾಗಾಗಿ ಬೆಳಿಗ್ಗೆ ಪೂಜೆ ಹೊತ್ತಿಗೆ ಮಾತ್ರ ಆನ್ ಮಾಡೋದು ಅಂತ ರೂಢಿ ಮಾಡ್ಕೊಂಡ್ರು.

ಇಲ್ಲಿ ಚಿತ್ರ ಒಂದೆರಡು ಸೆಕೆಂಡ್ ಹಿಂದೆ ಬರುತ್ತೆ. ಟಿವಿಗೆ ಆದ ಹಾಗೆ ಇದಕ್ಕೂ ಬೇಜಾರಾಗ್ತಾರೇನೋ ಅಂತ ನಾನು ಟ್ಯಾಬ್‌ನ ಸೌಂಡ್ ಪೂರ್ತಿ ತೆಗೆದಿದ್ದೆ, ಗಂಟೆ ಎರಡೆರಡು ಸಲ ಕೇಳ್ಬಾರದು ಅಂತ. ಮರುದಿನ ಬೆಳಿಗ್ಗೆ ಅಲ್ಲೇ ನಿಂತು ನೋಡಿದೆ. ಗಂಟೆ ಶಬ್ದ ನಡುಮನೆಯಿಂದ ನೇರ ಕಿವಿಗೆ ಬಿತ್ತು, ಅಜ್ಜಿ ಕಣ್ಣು ಮುಚ್ಚಿ ಕೈ ಮುಗಿದ್ರು, ಕಣ್ಣು ಬಿಡೋ ಹೊತ್ತಿಗೆ ಸರಿಯಾಗಿ ಟ್ಯಾಬ್ ಮೇಲೆ ಆರತಿ ಕಾಣ್ತಿತ್ತು. ಆ ತಡ ಅವರ ಗಮನಕ್ಕೇ ಬರ್ಲಿಲ್ಲ.

ಜೊತೆಗೆ 300 ರೂಪಾಯಿಯ ವೈರ್‌ಲೆಸ್ ಕಾಲಿಂಗ್ ಬೆಲ್, ಬಟನ್ ಮಂಚದ ಪಕ್ಕ, ಬೆಲ್ ಅಡುಗೆಮನೇಲಿ. ಅಜ್ಜಿ ಕೂಗೋದು ತಪ್ತು. ಒಟ್ಟು ಖರ್ಚು 4,950, ಅದರಲ್ಲಿ ಬ್ಲೂಟೂತ್ ಟ್ರಾನ್ಸ್‌ಮಿಟರ್‌ನ 550, ಕೊರಿಯರ್‌ನ 180 ದಂಡಕ್ಕೆ ಹೋದದ್ದು ಅಂತಲೇ ಹಿಡೀಬೇಕು.

ಇನ್ನೊಂದು ಮನೇಲಿ ಮಾಡೋದಾದ್ರೆ

ಅಂಗಡಿಗೆ ಹೋಗೋ ಮುಂಚೆ ನೋಡೋರ ಹತ್ರ ಹೋಗಿ ಕೂತು, ಅವರಿಗೆ ಏನಾದ್ರೆ ಬೇಜಾರು ಅಂತ ಕೇಳ್ತೀನಿ. ಆಮೇಲೆ ಫೋನ್ ಹಿಡಿದು ಮನೆ ಅಳೀತೀನಿ, ಅದೂ ಸೆಂಡರ್ ಎಲ್ಲಿ ಕೂರುತ್ತೋ ಅಲ್ಲೇ ರೂಟರ್ ಇಟ್ಟು. ಮೈನಸ್ 65ಕ್ಕಿಂತ ಚೆನ್ನಾಗಿದ್ರೆ ಮಾತ್ರ 5.8 ಕೊಳ್ತೀನಿ, ಅದು ನನ್ನ ಕೈ ಅಂದಾಜು, ಈ ಮನೆ ಮತ್ತೆ ಆಮೇಲೆ ನೋಡಿದ ಎರಡು ಮನೆ ಅನುಭವದಿಂದ ಹೇಳ್ತಿರೋದು. ಆರ್‌ಸಿಸಿ ಮನೇಲಿ ಮೇಲಿನ ಮಹಡಿಗೆ ಕಳಿಸ್ಬೇಕಾದ್ರೆ ಸ್ಲ್ಯಾಬ್‌ನ ಕಬ್ಬಿಣ ತೂರಿ ಹೋಗೋದನ್ನ ನಂಬೋದಕ್ಕಿಂತ ಮೆಟ್ಟಿಲ ಸಂದು ಹುಡುಕ್ತೀನಿ, ಇಲ್ಲಿ ಅಟ್ಟ ಮಾಡಿದ ಕೆಲಸ ಅಲ್ಲಿ ಮೆಟ್ಟಿಲು ಮಾಡುತ್ತೆ. ವೈಫೈ ಮೇಲೆ ಹೊಟ್ಟೆಪಾಡಿರೋ ಮನೇಲಿ 2.4 ಅನಲಾಗ್ ಸೆಂಡರ್ ಖಂಡಿತ ತರಲ್ಲ. ಇನ್ನು ಈ ಮನೆಯವರು ಮುಚ್ಚಿಗೆಯ ಒಂದು ಹಲಗೆ ಎಬ್ಬಿಸೋಕೆ ಒಪ್ಪಿದ್ದಿದ್ರೆ ಅದೇ ಅಟ್ಟದ ಮೇಲೆ 20 ಮೀಟರ್ ಆರ್‌ಜಿ-59 ಕೇಬಲ್ (ವಿಡಿಯೋ ಸಿಗ್ನಲ್ ಒಯ್ಯೋ ಕೋಆಕ್ಸಿಯಲ್ ವೈರ್) ಎಳೆದು ಸಾವಿರ ರೂಪಾಯಿ ಒಳಗೆ ಇನ್ನೂ ಗಟ್ಟಿಯಾಗಿ ಮುಗಿಸಬಹುದಿತ್ತು, ಹಲಗೆ ಎಬ್ಬಿಸೋಕೆ ಆಗೋರು ಮೊದಲು ಅದನ್ನೇ ಯೋಚಿಸಿ.

ಅಕ್ಟೋಬರ್ ಕೊನೆ ಹೊತ್ತಿಗೆ ಅಜ್ಜಿ ವಾಕರ್ ಹಿಡಿದು ಹಾಲಿಗೆ ಬರೋಕೆ ಶುರು ಮಾಡಿದ್ರು. ಅಷ್ಟರಲ್ಲಿ ಅಡಿಕೆ ಕೊಯ್ಲು ಬಂತು, ಹಂಡೆ ಅಟ್ಟದಿಂದ ಇಳೀತು. ಸ್ನೇಹಿತನ ಅಮ್ಮ ಸೆಂಡರ್‌ನ ಸಜ್ಜದಿಂದ ತೆಗೆಸಿ ಹಾಲಿನ ಕಿಟಕೀಲಿ ಅಂಗಳದ ಕಡೆ ಮುಖ ಮಾಡಿ ಇಡ್ಸಿದ್ರು, 24 ಇಂಚಿನ ಟಿವಿ ಅಡಿಕೆ ಸುಲಿಯೋ ಚಪ್ಪರದ ಕಂಬಕ್ಕೆ ಹೋಯ್ತು. ಕಿಟಕಿಯಿಂದ ಚಪ್ಪರಕ್ಕೆ 20 ಮೀಟರ್, ಮಧ್ಯೆ ಗೋಡೆ ಇಲ್ಲ. ಮೆಟ್ಟುಕತ್ತಿ ಮೇಲೆ ಕೂತ ಏಳೆಂಟು ಜನ ಹೆಂಗಸರು ರಾತ್ರಿ ಅದೇ ಸೀರಿಯಲ್ ನೋಡ್ತಾ ಸುಲೀತಾರೆ, ಅಜ್ಜಿ ಹಾಲಲ್ಲಿ ಬತ್ತಿ ಹೊಸೀತಾ ಕೂತಿರ್ತಾರೆ, ನಗು ಎರಡೂ ಕಡೆಯಿಂದ ಒಟ್ಟಿಗೇ ಬರುತ್ತೆ.